ಮುಚ್ಚಿದ ಬಟ್ಟಲಿನೊಳಗಿನ ತಂಬೂರಿ

ರಾತ್ರಿ ಹತ್ತೂವರೆಗೆ ಬೆಂಗಳೂರು ಬಿಟ್ಟ ಶಿವಮೊಗ್ಗದ ಬಸ್ಸು ತುಮಕೂರು ದಾಟಿದ ಮೇಲೆ ದೀಪ ಆರಿಸಿದರು. ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೆಯ ಧ್ವನಿಮುದ್ರಣ ಹಾಕಿಕೊಂಡು ಕಣ್ಣು ಮುಚ್ಚಿದೆ. ಮನೆಯಲ್ಲಿ ಅದೇ ಹೆಡ್‌ಫೋನಿನಲ್ಲಿ ಅದೇ ಮುದ್ರಣ ಕೇಳುವಾಗ, ಹಿಂದೆ ಮಿಡಿಯುವ ಎರಡು ತಂಬೂರಿಗಳಲ್ಲಿ ಯಾವುದರ ತಂತಿ ಯಾವಾಗ ಮಿಡಿಯಿತು ಎಂಬುದೂ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ತಂಬೂರಿಯೇ ಇರಲಿಲ್ಲ. ತಬಲಾದ ಡಗ್ಗ ಇಂಜಿನ್ನಿನ ಗುಂಯ್‌ಗುಡುವಿಕೆಯಲ್ಲಿ ಕರಗಿಹೋಗಿತ್ತು. ಕಾಲೂರಲು ನೆಲವಿಲ್ಲದೆ ಮನ್ಸೂರರ ದನಿ ಮಾತ್ರ ಮೇಲೆಲ್ಲೋ ತೇಲುತ್ತಿತ್ತು. ವಾಲ್ಯೂಮ್ ಏರಿಸಿದೆ, ಮತ್ತೆ ಏರಿಸಿದೆ. ಪಕ್ಕದ ಸೀಟಿನ ಹಿರಿಯರು ಮೆಲ್ಲಗೆ ತೋಳು ಮುಟ್ಟಿ, "ಸ್ವಲ್ಪ ಕಮ್ಮಿ ಮಾಡ್ತೀರೇನಪ್ಪಾ? ನಿದ್ದೆ ಬರ್ತಿಲ್ಲ" ಎಂದರು.

ಅದು ಓಪನ್ ಬ್ಯಾಕ್ ಹೆಡ್‌ಫೋನ್. ಕಿವಿಯ ಮೇಲೆ ಕೂರುವ ಬಟ್ಟಲಿನ ಹೊರಮೈ ಪೂರ್ತಿ ಜಾಲರಿ. ಒಳಗಿನ ಸದ್ದು ಹೊರಕ್ಕೆ, ಹೊರಗಿನದು ಒಳಕ್ಕೆ ಹಾಯುತ್ತಿರುತ್ತದೆ. ಮನೆಯ ಮೌನದಲ್ಲಿ ಅದಕ್ಕೆ ಸಾಟಿಯಿಲ್ಲ, ಪ್ರಯಾಣಕ್ಕೆ ಮಾತ್ರ ಅದು ಆಗದು. ಹೊರಗೆ ಕೊಂಡೊಯ್ಯಬೇಕಾದದ್ದು ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್. ಆ ರಾತ್ರಿಯಿಂದೀಚೆಗೆ ಅಂಥ ಹೆಡ್‌ಫೋನುಗಳನ್ನು ಕೊಂಡಿದ್ದೇನೆ, ಗೆಳೆಯರಿಂದ ಎರವಲು ತಂದಿದ್ದೇನೆ, ಅಂಗಡಿಗಳಲ್ಲಿ ಗಂಟೆಗಟ್ಟಲೆ ಕೂತು ಕೇಳಿದ್ದೇನೆ. ಹೀಗೆ ಕೇಳುತ್ತಾ ಹೋದಂತೆ ಒಂದು ಮಾತು ಗಟ್ಟಿಯಾಯಿತು. ಈ ವರ್ಗದ ದುಬಾರಿ ಹೆಡ್‌ಫೋನುಗಳಲ್ಲಿ ನಾವು ತೆರುವ ಹಣ ಹೆಚ್ಚಾಗಿ ಬಟ್ಟಲಿನ ಒಳಗೇ ಹುಟ್ಟುವ ಪ್ರತಿಧ್ವನಿಯನ್ನು ಅಡಗಿಸಲು ಖರ್ಚಾಗುತ್ತದೆ. ಹೊರಗಿನ ಸದ್ದನ್ನು ತಡೆಯುವುದು ಬೇರೆಯದೇ ಕೆಲಸ. ಒಂದರಲ್ಲಿ ಪಳಗಿದ ಹೆಡ್‌ಫೋನ್ ಇನ್ನೊಂದರಲ್ಲಿ ಸೋಲಬಹುದು. ಈ ಎರಡನ್ನೂ ಒಂದೇ ಎಂದುಕೊಂಡು ಲಕ್ಷಾಂತರ ರೂಪಾಯಿ ಸುರಿದು, ಆಮೇಲೆ ಅದನ್ನು ಮನೆಯ ಕಪಾಟಿನಲ್ಲಿಟ್ಟವರನ್ನು ನಾನು ಬಲ್ಲೆ.

ಒಳಗಿನ ಪ್ರತಿಧ್ವನಿ ಎಂದರೇನು? ದನಿ ಹುಟ್ಟಿಸುವ ಭಾಗವಾದ ಡ್ರೈವರಿನ ತೆಳು ಪೊರೆ ಮುಂದಕ್ಕೂ ಹಿಂದಕ್ಕೂ ಅದುರುತ್ತದೆ. ಮುಂದಿನ ಅಲೆ ಕಿವಿಗೆ ಹೋಗುತ್ತದೆ. ಹಿಂದೆಯೂ ಅಷ್ಟೇ ಬಲದ ಇನ್ನೊಂದು ಅಲೆ ಹುಟ್ಟುತ್ತದೆ. ಓಪನ್ ಬ್ಯಾಕಿನಲ್ಲಿ ಅದು ಜಾಲರಿ ದಾಟಿ ಹೊರಟುಹೋಗುತ್ತದೆ. ಮುಚ್ಚಿದ ಬಟ್ಟಲಿನಲ್ಲಿ ಅದಕ್ಕೆ ದಾರಿಯಿಲ್ಲ. ಗೋಡೆಗೆ ಬಡಿದು ಹಿಂದಿರುಗಿ, ಆ ತೆಳು ಪೊರೆಯನ್ನೇ ಹಾದು, ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಕಿವಿಗೆ ಬಂದು ಮುಟ್ಟುತ್ತದೆ. ಅಷ್ಟು ಬೇಗ ಬರುವುದರಿಂದ ಅದು ಬೇರೆ ದನಿಯಾಗಿ ಕೇಳಿಸುವುದಿಲ್ಲ, ಮೂಲ ದನಿಯ ಬಣ್ಣವನ್ನೇ ಬದಲಿಸುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಐದು ಸೆಂಟಿಮೀಟರ್ ಅಂತರವಿದ್ದರೆ ಸುಮಾರು 3400 ಹರ್ಟ್ಸ್‌ನ ಅಲೆ ಅಲ್ಲಿ ನಿಂತುಬಿಡುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅದರ ಆಸುಪಾಸಿನಲ್ಲೇ, ಹಾಡಿನ ಮಾತು ಸ್ಪಷ್ಟವಾಗುವುದೂ ಅಲ್ಲೇ. ಅಗ್ಗದ ಕ್ಲೋಸ್ಡ್ ಬ್ಯಾಕಿನಲ್ಲಿ ಗಾಯಕ ಡಬ್ಬಿಯೊಳಗೆ ಕೂತು ಹಾಡಿದಂತೆ ಕೇಳುವುದು ಇದರಿಂದ. ಜನ ಸೇರುವ ಮುನ್ನ ಖಾಲಿ ಕಲ್ಯಾಣ ಮಂಟಪದಲ್ಲಿ ಮೈಕ್ ಪರೀಕ್ಷೆ ಮಾಡುವವರ ಮಾತು ಹೇಗೆ ತನ್ನದೇ ಮೇಲೆ ತಾನು ಬೀಳುತ್ತದೋ, ಇಲ್ಲಿ ಅದೇ ಅಂಗೈಯಗಲದ ಜಾಗದಲ್ಲಿ ನಡೆಯುತ್ತದೆ.

ಇನ್ನೊಂದು ತೊಡಕೂ ಇದೆ. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಬಟ್ಟಲು ಸಣ್ಣದಾದಷ್ಟೂ ಸ್ಪ್ರಿಂಗ್ ಬಿಗಿ, ಬಾಸ್ ಮೇಲಿನ ಸ್ತರಕ್ಕೆ ಉಬ್ಬಿ ಗುಮ್ಮೆನ್ನುತ್ತದೆ. ಬಟ್ಟಲನ್ನು ದೊಡ್ಡದು ಮಾಡಿದರೆ ತೂಕ ಹೆಚ್ಚುತ್ತದೆ. ಕೊಂಡೊಯ್ಯುವ ಹೆಡ್‌ಫೋನಿಗೂ ಒಳ್ಳೆಯ ದನಿಗೂ ನಡುವಿನ ಜಗಳ ಇಲ್ಲಿಂದಲೇ ಶುರು.

ಇತಿಹಾಸದಲ್ಲಿ ಈ ಜಗಳದಿಂದ ಬಹುಕಾಲ ದೂರ ಉಳಿದವರೇ ಹೆಚ್ಚು. ಬರ್ಲಿನ್ನಿನಲ್ಲಿ ಯೂಜೆನ್ ಬೈಯರ್ ಕಟ್ಟಿದ ಕಂಪನಿ 1937ರಲ್ಲಿ ಡಿಟಿ 48 ಎಂಬ ಡೈನಾಮಿಕ್ ಹೆಡ್‌ಫೋನನ್ನು ಹೊರತಂದಿತು. ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ 1958ರಲ್ಲಿ ಸ್ಟೀರಿಯೊ ಹೆಡ್‌ಫೋನನ್ನು ಮನೆಗಳಿಗೆ ತಂದರು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414 ಎಂಬ ಹಿಂಬದಿ ತೆರೆದ ಹೆಡ್‌ಫೋನನ್ನು ಬಿಟ್ಟ ಮೇಲೆ ಗಂಭೀರವಾಗಿ ಕೇಳುವವರು ಹೆಚ್ಚಾಗಿ ಆ ಕಡೆ ವಾಲಿದರು. ಕ್ಲೋಸ್ಡ್ ಬ್ಯಾಕ್ ಸ್ಟುಡಿಯೊ, ರೇಡಿಯೊ, ಡಿಜೆಗಳ ಉಪಕರಣವಾಗಿ ಉಳಿಯಿತು. ಬೈಯರ್‌ಡೈನಾಮಿಕ್‌ನ ಡಿಟಿ 770, ಸೋನಿಯ ಎಂಡಿಆರ್ 7506, 1988ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 25 ಹಾಗೆ ದುಡಿಯಲು ಹುಟ್ಟಿದವು. ಇತ್ತ 1979ರ ಜುಲೈ 1ರಂದು ಬಂದ ವಾಕ್‌ಮನ್ ಸಂಗೀತವನ್ನು ಬೀದಿಗೆ ಕೊಂಡೊಯ್ದಿತು. ಅದರ ಜೊತೆ ಬಂದ ಹಗುರ ಸ್ಪಂಜಿನ ಹೆಡ್‌ಫೋನ್ ಬೀದಿಯ ಸದ್ದನ್ನು ಪೂರ್ತಿ ಒಳಗೆ ಬಿಟ್ಟುಕೊಳ್ಳುತ್ತಿತ್ತು.

1989 ನನ್ನ ಮಟ್ಟಿಗೆ ಈ ಕಥೆಯ ಕವಲುದಾರಿ. ಆ ವರ್ಷ ಸೋನಿ ಎಂಡಿಆರ್-ಆರ್10 ತಂದಿತು. ಇನ್ನೂರು ವರ್ಷ ಹಳೆಯ ಜಪಾನೀ ಜೆಲ್ಕೋವಾ ಮರದಿಂದ ಕೊರೆದ ಬಟ್ಟಲು, ಬ್ಯಾಕ್ಟೀರಿಯಾದಿಂದ ಬೆಳೆಸಿದ ಸೆಲ್ಯುಲೋಸಿನ ಪೊರೆ, ಬೆಲೆ 2500 ಡಾಲರ್. ಮುಚ್ಚಿದ ಹೆಡ್‌ಫೋನೂ ತೆರೆದುದರಂತೆ ಉಸಿರಾಡಬಲ್ಲದು ಎಂದು ತೋರಿಸುವುದೇ ಅದರ ಹಟ. ಅದೇ ವರ್ಷ ಬೋಸ್ ಕಂಪನಿ ವಿಮಾನ ಚಾಲಕರಿಗಾಗಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ತಂದಿತು. ಬಂಗಾಳದಿಂದ ಹೋದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ ಬೋಸರ ಮಗ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಹಾರುವಾಗ, ವಿಮಾನದ ಮೊರೆತದಲ್ಲಿ ಹೆಡ್‌ಫೋನಿನ ಸಂಗೀತ ಮುಳುಗುವುದನ್ನು ಕೇಳಿ ಅಲ್ಲೇ ಕೂತು ಲೆಕ್ಕ ಹಾಕತೊಡಗಿದ್ದರ ಫಲ ಅದು. ಒಂದು ದಾರಿ ಒಳಗಿನ ಪ್ರತಿಧ್ವನಿಯನ್ನು ಗೆಲ್ಲಲು ಹೊರಟಿತು, ಇನ್ನೊಂದು ಹೊರಗಿನ ಗದ್ದಲವನ್ನು. ಎರಡೂ ಬಹುಕಾಲ ಬೇರೆ ಬೇರೆಯಾಗಿಯೇ ನಡೆದವು.

ಮೊದಲ ದಾರಿಯಲ್ಲಿ ನಡೆದವರ ಕೈಚಳಕ ಮನಸ್ಸು ತುಂಬುವಂಥದು. ಫಾಸ್ಟೆಕ್ಸ್‌ನ ಟಿಎಚ್900ಕ್ಕೆ ಮರದ ಬಟ್ಟಲು, ಅದರ ಮೇಲೆ ಪದರ ಪದರವಾಗಿ ಉರುಶಿ ಮೆರುಗು. ನಮ್ಮ ಚನ್ನಪಟ್ಟಣದ ಅರಗು ಹುಳುವಿನಿಂದ ಬರುವಂಥದು, ಜಪಾನಿನ ಉರುಶಿ ಮರದ ಹಾಲು; ಕೈಯ ಶ್ರದ್ಧೆ ಎರಡಕ್ಕೂ ಒಂದೇ. ಡೆನಾನ್ ತನ್ನ ಡಿ9200ಕ್ಕೆ ಜಪಾನಿನ ಕೋಚಿ ಪ್ರಾಂತದ ಬಿದಿರು ಬಳಸಿತು. ಮರವೆಂದಕೂಡಲೇ ನಮಗೆ ವೀಣೆ ನೆನಪಾಗುತ್ತದೆ. ಆದರೆ ಹಲಸಿನ ಮರದ ವೀಣೆಯ ಕೊಡ ತಾನೂ ಹಾಡಬೇಕು, ಅದಕ್ಕೆಂದೇ ಅದನ್ನು ಕೊರೆಯುವುದು. ಹೆಡ್‌ಫೋನಿನ ಬಟ್ಟಲು ಹಾಡಕೂಡದು. ಕೆಲವು ಮರಗಳು ತಮ್ಮ ಅದುರುವಿಕೆಯನ್ನು ಬೇಗ ನುಂಗಿಕೊಳ್ಳುತ್ತವೆ ಎಂಬ ಕಾರಣಕ್ಕೆ ಅವಕ್ಕೆ ಇಲ್ಲಿ ಬೆಲೆ. ಮರ ಎಂದರೆ ಬೆಚ್ಚನೆಯ ದನಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಟ್ಟಲಿನ ಆಕಾರ, ಒಳಗೆ ತುಂಬಿದ ಹತ್ತಿ-ಉಣ್ಣೆ-ಫೋಮ್, ಪ್ಯಾಡಿನ ಆಳ ಇವು ಮಾಡುವ ಕೆಲಸ ಮರ ಮಾಡುವುದಕ್ಕಿಂತ ದೊಡ್ಡದು.

ಸೆನ್‌ಹೈಸರ್ 2018ರ ಎಚ್‌ಡಿ 820ರಲ್ಲಿ ಒಳಬಾಗಿದ ಗಾಜು ಕೂರಿಸಿತು. ಹಿಂದಿನ ಅಲೆ ಗಾಜಿಗೆ ಬಡಿದು ನೇರ ಕಿವಿಗೆ ಮರಳದೆ, ಅಂಚಿನಲ್ಲಿಟ್ಟ ಹೀರುಗುಂಡಿಗಳಿಗೆ ಸರಿಯಲಿ ಎಂಬುದು ಅದರ ಉಪಾಯ. ಸೋನಿಯ 2016ರ ಎಂಡಿಆರ್-ಝಡ್1ಆರ್ ಇನ್ನೊಂದು ತುದಿ. ಅದರ ಹೊರಗೋಡೆ ಕೆನಡಾದ ಮರದ ನಾರಿನ ತಿರುಳಿನಿಂದ ಮಾಡಿದ್ದು, ಗಾಳಿ ಅದರ ಮೂಲಕ ಸ್ವಲ್ಪ ಸ್ವಲ್ಪ ಹಾಯುತ್ತದೆ. ಪ್ರತಿಧ್ವನಿ ಹೀಗೆ ಹೊರಟುಹೋಗುತ್ತದೆ, ಆದರೆ ಅದೇ ದಾರಿಯಲ್ಲಿ ಹೊರಗಿನ ಸದ್ದೂ ಬರುತ್ತದೆ. ಕೇಳಿದಾಗ ಕಣ್ಣಲ್ಲಿ ನೀರು ತರಿಸುವ ಹೆಡ್‌ಫೋನ್ ಅದು, ಬಸ್ಸಿಗೆ ಮಾತ್ರ ಒಯ್ಯುವಂಥದಲ್ಲ. ಫ್ರಾನ್ಸಿನ ಫೋಕಲ್ 2019ರಲ್ಲಿ ತಂದ ಸ್ಟೆಲಿಯಾ ಈ ಗುಂಪಿನಲ್ಲಿ ಫೋನಿಗೂ ಒಗ್ಗುವಂಥದು. ಬೆರಿಲಿಯಂ ಪೊರೆ, 35 ಓಮ್ ವಿದ್ಯುತ್ ಪ್ರತಿರೋಧ, ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್ಲಿಗೂ ಸಲೀಸಾಗಿ ಹಾಡುತ್ತದೆ. ತೂಕ ಮಾತ್ರ 435 ಗ್ರಾಂ. ಎರಡು ಗಂಟೆ ಹಾಕಿಕೊಂಡು ಕುತ್ತಿಗೆ ತಿರುಗಿಸಿದರೆ ಆ ಅಂಕಿಯ ಅರ್ಥ ತಿಳಿಯುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಅಮೆರಿಕದ ಡ್ಯಾನ್ ಕ್ಲಾರ್ಕ್ ಆಡಿಯೊದವರ ಹಾದಿ. 2021ರ ಸ್ಟೆಲ್ತ್‌ನಲ್ಲಿ ಅವರು ಡ್ರೈವರಿಗೂ ಕಿವಿಗೂ ನಡುವೆ ಜೇನುಗೂಡಿನಂಥ ಒಂದು ಫಲಕ ಇಟ್ಟರು. ಅದರಲ್ಲಿ ಬೇರೆ ಬೇರೆ ಉದ್ದದ ಸಣ್ಣ ಕೊಳವೆಗಳು, ಪುಟಾಣಿ ಕೋಣೆಗಳು. ಒಂದೊಂದೂ ಒಂದೊಂದು ಆವರ್ತದ ಹಟಮಾರಿ ಅಲೆಯನ್ನು ಹಿಡಿದು ಕರಗಿಸುತ್ತದೆ. ಆಗಿನ ಬೆಲೆ 3999 ಡಾಲರ್. ಎರಡು ವರ್ಷದ ನಂತರ ಅದೇ ಉಪಾಯವನ್ನು ಅರ್ಧ ಬೆಲೆಯ ಇ3ಯಲ್ಲೂ ಇಳಿಸಿದರು. ಅವರದೇ ಏಯಾನ್ ಸರಣಿಯವು ಇನ್ನೂ ಕಡಿಮೆ ಬೆಲೆಯವು. ಅವುಗಳ ತಲೆಪಟ್ಟಿ ಬಾಗಿಸಿದರೂ ಮತ್ತೆ ತನ್ನ ಆಕಾರಕ್ಕೆ ಮರಳುವ ನಿಟಿನಾಲ್ ತಂತಿಯದು, ಮಡಚಿದರೆ ಪುಟ್ಟ ಪೆಟ್ಟಿಗೆಯಲ್ಲಿ ಅಡಗುತ್ತವೆ. ದುಬಾರಿ ಹೆಡ್‌ಫೋನನ್ನು ಜನ ನಿಜವಾಗಿ ಚೀಲದಲ್ಲಿ ಹಾಕಿಕೊಂಡು ಓಡಾಡುತ್ತಾರೆ ಎಂದು ಯೋಚಿಸಿ ಮಾಡಿದ ವಿರಳ ವಸ್ತುಗಳಲ್ಲಿ ಅವೂ ಸೇರಿವೆ.

ಇಷ್ಟೆಲ್ಲ ಕೌಶಲವೂ ಒಂದು ಸಣ್ಣ ಸಂದಿಯಿಂದ ಸೋರಿಹೋಗಬಹುದು. ಪ್ಯಾಡು ಕಿವಿಯ ಸುತ್ತ ಗಾಳಿಯಾಡದಂತೆ ಕೂರದಿದ್ದರೆ ಬಾಸ್ ನಿಲ್ಲುವುದಿಲ್ಲ, ಹೊರಸದ್ದೂ ನಿಲ್ಲುವುದಿಲ್ಲ. ಕನ್ನಡಕದ ಕಡ್ಡಿ ದಪ್ಪವಿದ್ದರೆ ಅದರ ಪಕ್ಕದಲ್ಲೇ ಸಂದಿ. ದವಡೆಯ ಮೂಳೆ ಒಳಸರಿದಿದ್ದರೆ ಕಿವಿಯ ಕೆಳಗೆ ಸಂದಿ. ದಟ್ಟ ಕೂದಲು, ಜಡೆ, ಜುಮುಕಿ, ವಾಲೆಯ ಹಿಂದಿನ ತಿರುಪು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನನ್ನ ತಂಗಿಗೆ ನಾನು ಹೊಗಳಿ ಹೊಗಳಿ ಕೊಡಿಸಿದ ಹೆಡ್‌ಫೋನ್ ಅವಳಿಗೆ ಸಪ್ಪೆ ಎನಿಸಿತು. ಅವಳು ವಾಲೆ ತೆಗೆದಿಟ್ಟು ಕೇಳಿದ ದಿನ ಅದೇ ಹೆಡ್‌ಫೋನ್ ಬೇರೆಯದಾಯಿತು. ಆದರೆ ದಿನವೂ ವಾಲೆ ತೆಗೆದಿಡಿ ಎಂದು ಹೇಳುವುದು ಯಾವ ನ್ಯಾಯ? ಅವಳಿಗೆ ಬೇಕಿದ್ದದ್ದು ಆಳವಾದ, ಮೆತ್ತನೆಯ ಪ್ಯಾಡಿನ ಬೇರೊಂದು ಹೆಡ್‌ಫೋನ್. ಹಾಗಾಗಿ ಇನ್ನೊಬ್ಬರ ಹೊಗಳಿಕೆ ನಂಬಿ ಕ್ಲೋಸ್ಡ್ ಬ್ಯಾಕ್ ಕೊಳ್ಳುವುದು ಇನ್ನೊಬ್ಬರ ಅಳತೆಗೆ ಚಪ್ಪಲಿ ಕೊಂಡ ಹಾಗೆ. ಅಂಗಡಿಗೆ ಹೋಗುವಾಗ ದಿನಾ ಹಾಕುವ ಕನ್ನಡಕ, ದಿನಾ ತೊಡುವ ಓಲೆ, ದಿನಾ ಬಳಸುವ ಫೋನು ಜೊತೆಗಿರಲಿ. ಅರ್ಧ ಗಂಟೆಯಾದರೂ ತಲೆಯ ಮೇಲೆ ಇರಲಿ. ಹಾಡು ನಡೆಯುವಾಗ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಬಾಸ್ ಥಟ್ಟನೆ ಹೆಚ್ಚಿದರೆ ಅದು ನಿಮ್ಮ ತಲೆಗೆ ಕೂತಿಲ್ಲ.

ಇನ್ನು ಹೊರಗಿನ ಗದ್ದಲ. ಪ್ಯಾಡು ಮತ್ತು ಬಟ್ಟಲಿನಿಂದ ಮಾತ್ರ ಸಿಗುವ ತಡೆ ಮೇಲಿನ ಆವರ್ತಗಳಲ್ಲಿ ಬಲವಾಗಿರುತ್ತದೆ. ಒಳ್ಳೆಯ ಹೆಡ್‌ಫೋನ್ 1000 ಹರ್ಟ್ಸ್‌ನ ಮೇಲೆ 20ರಿಂದ 30 ಡೆಸಿಬಲ್‌ವರೆಗೂ ತಗ್ಗಿಸಬಲ್ಲದು. ಪಕ್ಕದವರ ಮಾತು, ಕೀಬೋರ್ಡಿನ ಟಕಟಕ, ಕುಕ್ಕರಿನ ಸೀಟಿ ದೂರ ಸರಿಯುತ್ತವೆ. ಆದರೆ 200 ಹರ್ಟ್ಸ್‌ಗಿಂತ ಕೆಳಗೆ ಆ ತಡೆ ಬಹಳ ದುರ್ಬಲ. ಡೀಸೆಲ್ ಇಂಜಿನ್ನಿನ ಗುಂಯ್ ಇರುವುದು ಅಲ್ಲಿ. ಪುರುಷ ಗಾಯಕರ ತಂಬೂರಿಯ ಖರ್ಜದ ತಂತಿ ನುಡಿಯುವುದೂ ಅಲ್ಲೇ, 70 ಹರ್ಟ್ಸ್‌ನ ಹತ್ತಿರ. ನಾಯ್ಸ್ ಕ್ಯಾನ್ಸಲಿಂಗ್ ಇದಕ್ಕೆ ತದ್ವಿರುದ್ಧ. ಒಂದೇ ಸಮನೆ ಮೊರೆಯುವ ಕೆಳದನಿಗೆ ಅದು ಎದುರು ಅಲೆ ಹುಟ್ಟಿಸಿ ಅಳಿಸಿಹಾಕುತ್ತದೆ, ಪಕ್ಕದವರ ಮಾತಿನ ಮುಂದೆ ಅಷ್ಟು ಪರಿಣಾಮ ತೋರುವುದಿಲ್ಲ.

ಆದ್ದರಿಂದ ನನ್ನ ತೀರ್ಮಾನ ನೇರವಾದದ್ದು. ವಾರಕ್ಕೆ ಐದು ದಿನ ಬಸ್ಸಿನಲ್ಲೋ, ತಿಂಗಳಿಗೆ ನಾಲ್ಕು ಸಲ ವಿಮಾನದಲ್ಲೋ ಕೇಳುವವರು ಮೂವತ್ತು ಸಾವಿರದ ಆಸುಪಾಸಿನ ಒಂದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೊಳ್ಳಲಿ. ಅಲ್ಲಿ ಅದು ಮೂರು ಲಕ್ಷದ ಕ್ಲೋಸ್ಡ್ ಬ್ಯಾಕಿಗಿಂತ ಹೆಚ್ಚು ಸಂಗೀತವನ್ನು ಕಿವಿಗೆ ಮುಟ್ಟಿಸುತ್ತದೆ. ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಬರೀ 250 ಗ್ರಾಂ. ಫೋಕಲ್‌ನ ಬಾಥಿಸ್ 350 ಗ್ರಾಂ, ಯುಎಸ್‌ಬಿ ಕೇಬಲ್ ಹಾಕಿದರೆ ಡಿಜಿಟಲ್ ದತ್ತಾಂಶವನ್ನು ದನಿಯ ಸಂಕೇತವಾಗಿಸುವ ತನ್ನದೇ ಡ್ಯಾಕಿನಿಂದ ಹಾಡುವುದರಿಂದ ಎರಡೂ ದಾರಿಗಳನ್ನು ಕೂಡಿಸುವ ಪ್ರಾಮಾಣಿಕ ಪ್ರಯತ್ನ ಅದು. ಕೇಬಲ್ಲಿನ, ಬ್ಯಾಟರಿಯಿಲ್ಲದ, ಒಳ್ಳೆಯ ಕ್ಲೋಸ್ಡ್ ಬ್ಯಾಕಿನ ನಿಜವಾದ ನೆಲೆ ಬೇರೆ. ಹಾಸ್ಟೆಲ್ ಕೋಣೆ, ಆಫೀಸಿನ ಮೇಜು, ಗ್ರಂಥಾಲಯ, ಮಗು ಮಲಗಿದ ಮನೆಯ ನಡುಮನೆ, ಊರಿಂದೂರಿಗೆ ಹೋದಾಗ ಲಾಡ್ಜಿನ ಕೋಣೆ. ಚೀಲದಲ್ಲಿ ಒಯ್ದು ಎಲ್ಲಾದರೂ ಕೂತು ಕೇಳುವವರಿಗೆ ಅದು. ನಡೆಯುತ್ತಾ, ಗಾಡಿ ಓಡಿಸುತ್ತಾ ಎರಡೂ ಕಿವಿ ಮುಚ್ಚಿಕೊಳ್ಳುವುದು ಯಾರಿಗೂ ಬೇಡ. ನಮ್ಮ ರಸ್ತೆಗಳಲ್ಲಿ ಹಾರ್ನ್ ಕೇಳದವನ ಪಾಡು ಎಲ್ಲರಿಗೂ ಗೊತ್ತು.

2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕ್ ಕೈಬಿಟ್ಟ ಮೇಲೆ ಉಳಿದ ಎಷ್ಟೋ ಫೋನುಗಳೂ ಒಂದೊಂದಾಗಿ ಅದನ್ನೇ ಮಾಡಿದವು. ಅಂಥ ಫೋನಿಗೆ ಕೇಬಲ್ ಹೆಡ್‌ಫೋನ್ ಎಂದರೆ ಜೊತೆಗೊಂದು ಡಾಂಗಲ್ ಇರಲೇಬೇಕು. ಬೆರಳುದ್ದದ ಆ ವಸ್ತುವಿನಿಂದ ಸಾಮಾನ್ಯವಾಗಿ ಒಂದು ವೋಲ್ಟ್‌ನಷ್ಟು ಬರುತ್ತದೆ. 32 ಓಮಿನ ಹೆಡ್‌ಫೋನಿಗೆ ಅದು 31 ಮಿಲಿವ್ಯಾಟ್, 103 ಡೆಸಿಬಲ್ ಸಂವೇದನೆಯಿರುವ ಮೇಜೆ 99 ಕ್ಲಾಸಿಕ್ಸ್‌ನಂಥದ್ದಕ್ಕೆ ಬೇಕಾದುದಕ್ಕಿಂತ ಹೆಚ್ಚೇ. 300 ಓಮಿನ ಎಚ್‌ಡಿ 820ಕ್ಕೆ ಅದೇ ಒಂದು ವೋಲ್ಟ್ 3.3 ಮಿಲಿವ್ಯಾಟ್ ಅಷ್ಟೇ. ಓಮ್ ಕಡಿಮೆಯಿದ್ದರೆ ಸುಲಭ ಎಂದೂ ತಿಳಿಯಬಾರದು. ಏಯಾನಿನ ಪ್ಲೇನಾರ್ ಡ್ರೈವರು 13 ಓಮಿನದು, ಒಂದು ವೋಲ್ಟಿಗೆ 77 ಮಿಲಿಆಂಪ್ ಕರೆಂಟ್ ಎಳೆಯುತ್ತದೆ. ಎಷ್ಟೋ ಅಗ್ಗದ ಡಾಂಗಲ್ಲುಗಳು ಅಲ್ಲಿ ಏದುಸಿರು ಬಿಡುತ್ತವೆ. ಹೆಡ್‌ಫೋನ್ ಜೊತೆ ಅಂಗೈಯಗಲದ ಆಂಪ್ಲಿಫೈಯರನ್ನೂ ಕಟ್ಟಿಕೊಂಡು ತಿರುಗುವ ಉತ್ಸಾಹ ಮೊದಲ ಮೂರು ತಿಂಗಳು ಇರುತ್ತದೆ. ಆಮೇಲೆ ಎರಡೂ ಮನೆಯಲ್ಲೇ ಉಳಿಯುತ್ತವೆ. ಹೊರಗೆ ಒಯ್ಯಲು ಕೊಳ್ಳುವುದಾದರೆ ಡಾಂಗಲ್ಲಿನಲ್ಲೇ ಚೆನ್ನಾಗಿ ಹಾಡುವುದನ್ನು ಕೊಳ್ಳಿ.

ಬ್ಲೂಟೂತ್ ಬಗ್ಗೆ ಇರುವ ತಾತ್ಸಾರ ಈಗ ಹಳೆಯದಾಯಿತು. ಸಿಡಿಯ ದತ್ತಾಂಶ ಸೆಕೆಂಡಿಗೆ 1411 ಕಿಲೊಬಿಟ್, ಬ್ಲೂಟೂತಿನ ಎಲ್‌ಡಿಎಸಿ ಕೋಡೆಕ್ ಕಳಿಸಬಲ್ಲದ್ದು ಗರಿಷ್ಠ 990. ಜನಸಂದಣಿಯಲ್ಲಿ ಅದೂ ಇಳಿಯುತ್ತದೆ. ಆದರೂ ಬಸ್ಸಿನಲ್ಲಿ ಕೂತವರಿಗೆ ಆ ವ್ಯತ್ಯಾಸ ಕೇಳುವುದಕ್ಕೆ ಎಷ್ಟೋ ಮೊದಲೇ ಕಿಟಕಿಯ ಗಾಜಿನ ಗಡಗಡ ಕೇಳಿರುತ್ತದೆ.

ಬೆಲೆ ಏರಿದಂತೆ ದನಿಯೂ ಏರುತ್ತದೆಯೇ? 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಮಾರಾಟ ಬೆಲೆಯೊಂದಿಗೆ ಹೋಲಿಸಿ, ಆವರ್ತಗಳ ಸಮತೋಲಕ್ಕೂ ಬೆಲೆಗೂ ಸಂಬಂಧವೇ ಇಲ್ಲವೆಂದು ತೋರಿಸಿದರು. ಅದಕ್ಕೂ ಮೊದಲೇ ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರು ಹೇಗೆ ಕೇಳುತ್ತದೋ ಹಾಗೆ ಕೇಳುವ ಹೆಡ್‌ಫೋನನ್ನೇ ಹೆಚ್ಚಿನ ಜನ ಮೆಚ್ಚುತ್ತಾರೆಂದು ಕಂಡುಕೊಂಡಿದ್ದರು. ಅವರು ಗುರುತಿಸಿದ ಆವರ್ತಗಳ ರೇಖೆಗೆ ಹತ್ತಿರ ಬರುವ ಎಕೆಜಿ ಕೆ371 ಹತ್ತಿಪ್ಪತ್ತು ಸಾವಿರದ ವರ್ಗದ್ದು. ಹಾಗಾದರೆ ಲಕ್ಷದ ಹೆಡ್‌ಫೋನ್ ಬರೀ ಆಡಂಬರವೇ? ಅಲ್ಲ. ಅದೇ ಸಮತೋಲವಿರುವ ಎರಡು ಹೆಡ್‌ಫೋನುಗಳಲ್ಲಿ ಒಂದು ದನಿ ಬೇಗ ನಿಲ್ಲಿಸುತ್ತದೆ, ಇನ್ನೊಂದು ಎಳೆಯುತ್ತದೆ. ಹಿಂದಿನ ಅಲೆಯನ್ನು ಚೆನ್ನಾಗಿ ಕರಗಿಸಿದ ಬಟ್ಟಲಿನಲ್ಲಿ ಮೃದಂಗದ ಎರಡು ಹೊಡೆತಗಳ ನಡುವಿನ ಮೌನ ನಿಜವಾಗಿ ಮೌನವಾಗಿರುತ್ತದೆ. ಆ ಮೌನಕ್ಕೆ ನಾನು ಹಣ ಕೊಟ್ಟಿದ್ದೇನೆ, ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಐವತ್ತು ಸಾವಿರದಿಂದ ಮೂರು ಲಕ್ಷಕ್ಕೆ ಹೋದಾಗ ಸಿಗುವುದು, ಐದು ಸಾವಿರದಿಂದ ಐವತ್ತಕ್ಕೆ ಹೋದಾಗ ಸಿಗುವುದಕ್ಕಿಂತ ಬಹಳ ಸಣ್ಣದು. ನಮ್ಮಲ್ಲಿ ಆಮದು ಸುಂಕ, ಜಿಎಸ್‌ಟಿ ಸೇರಿ ಆ ಸಣ್ಣದರ ಬೆಲೆ ಇನ್ನೂ ದೊಡ್ಡದಾಗುತ್ತದೆ.

ಆಯ್ಕೆ ಮಾಡುವಾಗ ಯಾರೋ ಹೇಳಿದ ಇಂಗ್ಲಿಷ್ ಹಾಡುಗಳನ್ನು ಹಾಕಿ ಪರೀಕ್ಷಿಸುವ ರೂಢಿಯನ್ನು ಬಿಡಬೇಕು. ಜೀವನವಿಡೀ ಕೇಳಿದ ದನಿಗಳೇ ನಮ್ಮ ಅಳತೆಗೋಲು. ತಂಬೂರಿಯನ್ನು ಮೊದಲು ಹಾಕಿ. ಜೀವಾಳದ ಎಳೆಯಿಂದ ಏಳುವ ಮೇಲ್ಸ್ವರಗಳ ಝೇಂಕಾರ ಒಂದೇ ಹರಿವಾಗಿ ಕೇಳಬೇಕು. ಒಂದು ಸ್ವರ ಮಾತ್ರ ಸೀಳಿಕೊಂಡು ಮುಂದೆ ಬಂದರೆ ಬಟ್ಟಲಿನಲ್ಲಿ ಎಲ್ಲೋ ಅಲೆ ನಿಂತಿದೆ ಎಂದರ್ಥ. ಆಮೇಲೆ ಮೃದಂಗದ ತನಿ. ರವೆ ಮೆತ್ತಿದ ಎಡಮುಖದ ಗುಮ್ಕಿ ಏರಿಳಿಯುವುದು ಕೇಳಬೇಕು. ಬರೀ ಗುಂ ಎಂದು ಒಂದೇ ಸಮ ಕೇಳಿದರೆ ಬಾಸ್ ಉಬ್ಬಿದೆ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠ ಮಧ್ಯದ ಆವರ್ತಗಳಿಗೆ ಕಠಿಣ ಪರೀಕ್ಷೆ. ಆ ದನಿಯ ಎದೆಯ ಭಾಗ ತೆಳುವಾದರೆ ಆ ಹೆಡ್‌ಫೋನ್ ನನಗೆ ಬೇಡ. ಕೊನೆಗೆ ಕ್ಯಾಸೆಟ್ ಕಾಲದ ಒಂದು ಭಾವಗೀತೆ ಹಾಕಿ. ನಮ್ಮ ಪ್ರೀತಿಯ ಮುದ್ರಣಗಳಲ್ಲಿ ಎಷ್ಟೋ ಹಳೆಯವು, ಅವುಗಳಲ್ಲಿ ಟೇಪಿನ ಹಿಸ್ ಇದೆ, 'ಸ'ಕಾರ ಚುಚ್ಚುತ್ತದೆ. ಟ್ರೆಬಲ್ ಏರಿಸಿ ಹೊಳಪು ತೋರಿಸುವ ಹೆಡ್‌ಫೋನ್ ಅಂಗಡಿಯಲ್ಲಿ ಬೆರಗು ಹುಟ್ಟಿಸಿ, ಮನೆಯಲ್ಲಿ ನಮ್ಮ ಹಳೆಯ ಹಾಡುಗಳನ್ನು ಕೇಳಲಾಗದಂತೆ ಮಾಡುತ್ತದೆ.

ಕೊಂಡ ಮೇಲಿನ ಬಾಳಿಕೆ ಬಗ್ಗೆ ಜಾಹೀರಾತುಗಳು ಮಾತಾಡುವುದೇ ಇಲ್ಲ. ಉಡುಪಿಯಲ್ಲಿದ್ದ ಎರಡು ವರ್ಷದಲ್ಲಿ ನನ್ನ ಒಂದು ದುಬಾರಿ ಹೆಡ್‌ಫೋನಿನ ಪ್ಯಾಡುಗಳು ಕಪ್ಪು ಹೊಟ್ಟಿನಂತೆ ಉದುರಿ ಕೆನ್ನೆಗೆಲ್ಲ ಅಂಟಿದವು. ಕೃತಕ ಚರ್ಮದ ಪಾಲಿಯುರಥೇನ್ ತೇವದ ಗಾಳಿಯಲ್ಲಿ ತಾನಾಗಿ ಒಡೆಯುತ್ತದೆ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅದಕ್ಕೆ ಜೊತೆಯಾಗುತ್ತವೆ. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಆ ಮಾದರಿಯ ಪ್ಯಾಡು ಬರುವುದು ನಿಂತಿದೆ ಎಂದರು. ಹೊರಗಿನವರು ಮಾಡಿದ ಪ್ಯಾಡು ತಂದು ಹಾಕಿದೆ, ದನಿಯೇ ಬದಲಾಯಿತು. ಪ್ಯಾಡಿನ ದಪ್ಪ, ರಂಧ್ರ, ಬಟ್ಟೆ ಎಲ್ಲವೂ ಆ ಬಟ್ಟಲಿನ ಲೆಕ್ಕದ ಭಾಗ. ವೆಲೂರ್ ಬಟ್ಟೆಯ ಪ್ಯಾಡು ನಮ್ಮ ಸೆಕೆಗೆ ಹಿತ, ಆದರೆ ಅದರಿಂದ ಗಾಳಿ ಸೋರಿ ಬಾಸೂ ತಡೆಯೂ ತಗ್ಗುತ್ತವೆ. ಈಗ ನಾನು ಹೆಡ್‌ಫೋನ್ ಕೊಳ್ಳುವಾಗಲೇ ಒಂದು ಜೊತೆ ಮೂಲ ಪ್ಯಾಡು ಕೊಂಡು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಕೇಳಿ ಮುಗಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ತಿಂಗಳುಗಟ್ಟಲೆ ಮರೆಯುವುದಿಲ್ಲ. ಬೂಷ್ಟು ಮೊದಲು ಹಿಡಿಯುವುದು ಬಳಸದ ವಸ್ತುವಿಗೆ.

ಈ ದೃಷ್ಟಿಯಿಂದ ನೋಡಿದರೆ ನನಗೆ ಗೌರವ ಹುಟ್ಟುವುದು ರಿಪೇರಿಗೆಂದೇ ಮಾಡಿದ ಹೆಡ್‌ಫೋನುಗಳ ಮೇಲೆ. ಎಚ್‌ಡಿ 25ರ ಪ್ರತಿ ಬಿಡಿಭಾಗವೂ ಬೇರೆ ಸಿಗುತ್ತದೆ. 140 ಗ್ರಾಮಿನ ಆ ಸಣ್ಣ ವಸ್ತು ದಶಕಗಳ ಕಾಲ ಡಿಜೆಗಳ ಕುತ್ತಿಗೆಯಲ್ಲಿ ತೂಗಿದ್ದು ಸುಮ್ಮನೆ ಅಲ್ಲ. ರೊಮೇನಿಯದ ಮೇಜೆ ಕಂಪನಿ ತನ್ನ 99 ಕ್ಲಾಸಿಕ್ಸನ್ನು ತಿರುಪು ಬಿಚ್ಚಿ ಪೂರ್ತಿ ಬಿಡಿಸಬಹುದಾದಂತೆ ಮಾಡಿದೆ. ವಾಲ್‌ನಟ್ ಮರದ ಬಟ್ಟಲು, 260 ಗ್ರಾಂ, ಡಾಂಗಲ್ಲಿಗೆ ಸಾಕಾಗುವಷ್ಟು ಸಂವೇದನೆ. ಬಾಸ್ ಸ್ವಲ್ಪ ಹೆಚ್ಚೇ, ಇಕ್ವಲೈಸರಿನಲ್ಲಿ ತಗ್ಗಿಸಿದರೆ ಸರಿಹೋಗುತ್ತದೆ. ಚೀಲದಲ್ಲಿ ಒಂದನ್ನೇ ಒಯ್ಯಬೇಕೆಂದರೆ ನಾನು ಅದನ್ನು ಒಯ್ಯುತ್ತೇನೆ, ಅದಕ್ಕಿಂತ ದುಬಾರಿಯವು ಮನೆಯಲ್ಲಿದ್ದರೂ. ವೈರ್‌ಲೆಸ್ ಹೆಡ್‌ಫೋನುಗಳಿಗೆ ಈ ಆಯುಷ್ಯ ಇಲ್ಲ. ಒಳಗಿನ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸೊರಗುತ್ತದೆ. ಬದಲಿಸಬಹುದೇ ಎಂದು ಕೊಳ್ಳುವ ಮೊದಲೇ ಕೇಳುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಆಸ್ತಿ ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಗದ್ದಲದ ಬಸ್ಸಿನಲ್ಲಿ ಓಪನ್ ಬ್ಯಾಕ್ ಹಾಕಿ ವಾಲ್ಯೂಮ್ ಏರಿಸುತ್ತಾ ಹೋದ ಆ ರಾತ್ರಿ ನಾನು ಎಷ್ಟರಲ್ಲಿದ್ದೆನೋ, ನೆನೆದರೆ ಹೆದರಿಕೆಯಾಗುತ್ತದೆ. ಹೊರಗಿನ ಸದ್ದು ತಡೆಯುವ ಹೆಡ್‌ಫೋನಿನ ಮೊದಲ ಬೆಲೆ ನನ್ನ ಪಾಲಿಗೆ ಇದು: ಎಷ್ಟು ಕಡಿಮೆ ದನಿಯಲ್ಲಿ ಅದು ನನಗೆ ತಂಬೂರಿ ಕೇಳಿಸುತ್ತದೆ?

ಕಳೆದ ವರ್ಷ ನನ್ನ ಮೇಜೆಯ ಕೇಬಲ್ಲಿನ ಜ್ಯಾಕ್ ಬಳಿ ತಂತಿ ಒಳಗೇ ಕಡಿದು ಎಡಗಡೆ ದನಿ ನಿಂತಿತು. ಹೊಸ ಕೇಬಲ್ ತರಿಸಬಹುದಿತ್ತು. ಬದಲು ಬೆಂಗಳೂರಿನ ಎಸ್‌ಪಿ ರೋಡಿಗೆ ಒಯ್ದೆ. ಒಂದು ಕಿರು ಮಳಿಗೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಜ್ಯಾಕ್ ಕತ್ತರಿಸಿ, ಕೂದಲೆಳೆಯಂಥ ತಂತಿಗಳ ಮೆರುಗನ್ನು ಸೋಲ್ಡರಿಂಗ್ ಐರನ್ನಿನ ತುದಿಯಿಂದ ಸುಟ್ಟು, ಹೊಸ ಜ್ಯಾಕ್ ಬೆಸೆದ. ಪರೀಕ್ಷೆಗೆಂದು ಹೆಡ್‌ಫೋನ್ ತಾನೇ ಹಾಕಿಕೊಂಡು ನನ್ನ ಫೋನಿನಲ್ಲಿ ಏನಿತ್ತೋ ಅದನ್ನೇ ಒತ್ತಿದ. "ಎಡಗಡೆ ಬರ್ತಾ ಇದೆ ಸಾರ್" ಎಂದ. ಬೀದಿಯಲ್ಲಿ ಆಟೊಗಳು ಒಂದರ ಹಿಂದೊಂದು ಹಾರ್ನ್ ಹಾಕುತ್ತಿದ್ದವು, ಪಕ್ಕದ ಮಳಿಗೆಯವನು ಅವನನ್ನು ಎರಡು ಸಲ ಕೂಗಿದ. ಹುಡುಗ ಕೇಳಿಸಿಕೊಳ್ಳಲಿಲ್ಲ. ಕೈಯಲ್ಲಿ ಐರನ್ ಹಿಡಿದುಕೊಂಡೇ ಆಲಾಪ ಮುಗಿಯುವವರೆಗೂ ಕೂತಿದ್ದ. ನಾನೂ ಹೆಡ್‌ಫೋನ್ ವಾಪಸ್ ಕೇಳಲಿಲ್ಲ, ನಿಂತಿದ್ದೆ.